ನಿಂತ ಬೆಳೆಯ ಫೋಟೋ

ಹುಮನಾಬಾದಿನ ನಮ್ಮ ಸ್ಟುಡಿಯೋಕ್ಕೆ ಬರುವವರಿಗೆಲ್ಲ ಬೆನ್ನ ಹಿಂದೆ ಹಿಮದ ಬೆಟ್ಟ ಬೇಕಾಗಿತ್ತು. ಬಿಸಿಲಿನಲ್ಲಿ ಬೆವರು ಒರೆಸಿಕೊಳ್ಳುತ್ತ ಒಳಗೆ ಬಂದ ಹೊಸ ಜೋಡಿಗಳು ಆ ಹಿಮದ ಮುಂದೆ ಕೈ ಕೈ ಹಿಡಿದು ನಿಲ್ಲುತ್ತಿದ್ದರು. ಆ ಪರದೆ ನಮ್ಮ ಮನೆಯವರು ಹೈದರಾಬಾದಿನಿಂದ ತಂದದ್ದು. ಮದುವೆಯ ಫೋಟೋಗಳಿಗೆ ಊರೂರು ತಿರುಗುವುದು ಅವರ ಕೆಲಸ, ಅಂಗಡಿಯಲ್ಲಿ ಕುಳಿತು ಪಾಸ್‌ಪೋರ್ಟ್ ಸೈಜಿನ ಮುಖ ತೆಗೆಯುವುದು ನನ್ನದು. "ಗದ್ದ ಜರಾ ಮ್ಯಾಲ ಮಾಡ್ರಿ, ಕಣ್ಣ ಮುಚ್ಚಬ್ಯಾಡ್ರಿ" ಎಂದು ಹೇಳಿ ಹೇಳಿ ನನಗೆ ಮನುಷ್ಯರ ಮುಖದ ಮೇಲೇ ಬೇಸರ ಬಂದುಬಿಟ್ಟಿತ್ತು. ಅದಕ್ಕೆ ಬಿಡುವು ಸಿಕ್ಕಾಗಲೆಲ್ಲ ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ತವರಿಗೆ ಓಡುತ್ತಿದ್ದೆ.

ತವರು ಎಂದರೆ ಘಾಟಬೋರಾಳ. ಅಪ್ಪ ಅವ್ವ ಹೋಗಿ ವರ್ಷಗಳಾದವು. ಈಗ ಅಲ್ಲಿ ಇರುವುದು ಅಣ್ಣ, ಅವನ ಹೆಂಡತಿ ವೈನಿ, ಮತ್ತು ನಮ್ಮ ಹೊಲ. ಹೊಲದ ಬದುವಿನ ಮೇಲೆ ಒಂದು ಬೇವಿನ ಮರ. ಚಿಕ್ಕಂದಿನಲ್ಲಿ ಅಣ್ಣ ನನ್ನನ್ನು ಹೆಗಲ ಮೇಲೆ ಕೂಡಿಸಿಕೊಂಡು ಕೆಸರು ದಾಟಿಸಿ ಆ ಮರದ ಕೆಳಗೆ ಇಳಿಸುತ್ತಿದ್ದ. ಊರೊಳಗಿನ ಮನೆಯನ್ನು ಈಚೆಗೆ ಕೆಡವಿ ಸಿಮೆಂಟಿನದು ಕಟ್ಟಿಸಿದ್ದಾರೆ, ಅದರಲ್ಲಿ ನನ್ನದು ಎನ್ನುವಂಥದ್ದು ಏನೂ ಉಳಿದಿಲ್ಲ. ಹಾಗಾಗಿ ನನ್ನ ಮಟ್ಟಿಗೆ ತವರು ಎಂದರೆ ಆ ಬೇವಿನ ಮರದ ಬುಡವೇ.

ವರ್ಷಪೂರ್ತಿ ಅದೇ ಬುಡದಲ್ಲಿ ನಿಂತು, ಅದೇ ಹೊಲವನ್ನು ತೆಗೆಯಬೇಕು ಎಂದು ನಿರ್ಧರಿಸಿದೆ. ಸೂರ್ಯ ಮುಳುಗುವುದನ್ನು ತೆಗೆದು ಮೊಬೈಲಿನಲ್ಲಿ ಎಲ್ಲರಿಗೂ ಕಳಿಸುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಸೂರ್ಯ ದಿನಾ ಮುಳುಗುತ್ತಾನೆ, ಅದರಲ್ಲೇನು ಹೆಚ್ಚುಗಾರಿಕೆ? ನನಗೆ ಬೇಕಾಗಿದ್ದು ಮಿರ್ಗದ, ಅಂದರೆ ಮೃಗಶಿರಾದ, ಮೊದಲ ಮಳೆ ಬಿದ್ದಾಗ ಎರೆ ಮಣ್ಣು ಕಪ್ಪಗೆ ಹೊಳೆಯುವ ಆ ಸ್ವಲ್ಪ ಹೊತ್ತು, ಶ್ರಾವಣದ ಜಿಟಿಜಿಟಿಯಲ್ಲಿ ಸೋಯಾಬೀನಿನ ಹಸಿರಿಗೂ ಪಕ್ಕದ ತೊಗರಿಯ ಹಸಿರಿಗೂ ಇರುವ ವ್ಯತ್ಯಾಸ, ಚಳಿಗಾಲದ ಬೆಳಿಗ್ಗೆ ಮಂಜು ಹಳ್ಳದಿಂದ ಎದ್ದು ಬಂದು ಹೊಲದ ಅರ್ಧಕ್ಕೆ ನಿಂತುಬಿಡುವುದು. ಮಳೆಯಲ್ಲಿ ನೀಲಿ ರೇನ್‌ಕೋಟು ತೊಟ್ಟು, ಕ್ಯಾಮೆರಾಕ್ಕೆ ಪ್ಲಾಸ್ಟಿಕ್ ಚೀಲ ಸುತ್ತಿ ಗಂಟೆಗಟ್ಟಲೆ ನಿಲ್ಲುತ್ತಿದ್ದೆ. ಲೆನ್ಸಿನ ಮೇಲೆ ಬಿದ್ದ ಹನಿ ಒರೆಸುವಷ್ಟರಲ್ಲಿ ಬೆಳಕು ಬದಲಾಗಿರುತ್ತಿತ್ತು. ಆಗ ನಾನು ಆಡುತ್ತಿದ್ದ ಮಾತುಗಳನ್ನು ಇಲ್ಲಿ ಬರೆಯುವಂತಿಲ್ಲ.

ಅಣ್ಣನಿಗೆ ಇದೊಂದು ತಮಾಷೆ. "ದಿನಾ ಅದ ಹೊಲಾನ ತೆಗಿಯಾಕತ್ತೀಯಲ್ಲ, ನಿನ್ನಿ ತೆಗದದ್ದು ಎಲ್ಲಿ ಹೋತು?" ಎಂದು ಕೇಳುತ್ತಿದ್ದ. "ನಿನ್ನಿದು ಬ್ಯಾರೆ, ಇವತ್ತಿಂದು ಬ್ಯಾರೆ ಅಣ್ಣಾ" ಎಂದರೆ, "ಹೌದವ್ವಾ, ನಿನ್ನಿ ನನಗ ಒಬ್ಬಾಕಿ ತಂಗಿ ಇದ್ಲು, ಇವತ್ತ ಹುಚ್ಚಿ ಆಗ್ಯಾಳ" ಎನ್ನುತ್ತ ಹೊಲದ ಗುಡಿಸಲಿನಲ್ಲಿ ಚಹಾ ಕಾಯಿಸಿ ತರುತ್ತಿದ್ದ. ಬಾಯಿಯಲ್ಲಿ ಬೈಗುಳ, ಕೈಯಲ್ಲಿ ಚಹಾ. ಅವನ ಪ್ರೀತಿ ಯಾವತ್ತೂ ಹೀಗೆಯೇ.

ಆ ವರ್ಷ ಹಿಂಗಾರಿ ಜೋಳ ಬಂದ ಬಗೆಯನ್ನು ಹೇಗೆ ಹೇಳಲಿ! ತಲೆ ಎತ್ತರದ ದಂಟು, ಮುಷ್ಟಿ ಗಾತ್ರದ ತೆನೆ, ಅಂಚಿನಲ್ಲಿ ಕುಸುಬಿಯ ಕೇಸರಿ ಹೂವು. ಒಂದು ಬೆಳಿಗ್ಗೆ ಮಂಜು ಇನ್ನೇನು ಕರಗುತ್ತಿದ್ದಾಗ ಸಿಕ್ಕ ಫೋಟೋ ನೋಡಿ ನನಗೇ ನನ್ನ ಮೇಲೆ ಹೆಮ್ಮೆ ಬಂತು. ಅದನ್ನು ಗೋಡೆಯಷ್ಟು ದೊಡ್ಡದಾಗಿ ಫ್ಲೆಕ್ಸ್ ಮಾಡಿಸಿ, ಹಿಮದ ಬೆಟ್ಟ ಇಳಿಸಿ, ಅದರ ಜಾಗದಲ್ಲಿ ತೂಗುಹಾಕಿದೆ. ಮೊದಮೊದಲು ಗಿರಾಕಿಗಳು ಮೂಗು ಮುರಿದರು. "ಹೊಲ ನೋಡಾಕ ಇಲ್ಲಿತನಕ ಬರಬೇಕೇನ್ರಿ?" ಎಂದು ಒಬ್ಬ ಮುಖಕ್ಕೇ ಹೇಳಿದ. ಆಮೇಲೆ ಅದೇನಾಯಿತೋ, ಎಲ್ಲರಿಗೂ ಅದೇ ಬೇಕಾಯಿತು. ಹೆರಿಗೆಗೆ ಬಂದ ಹೆಣ್ಣುಮಕ್ಕಳು, ತೊಟ್ಟಿಲ ಕೂಸುಗಳು, ಟೊಪ್ಪಿಗೆ ಹಾಕಿದ ಮುತ್ಯಾಗಳು, ಎಲ್ಲರೂ ಅಣ್ಣನ ಜೋಳದ ಮುಂದೆ ನಿಂತರು. "ಎಂಥಾ ಬೆಳಿರಿ ಇದು, ಯಾರ ಹೊಲಾರಿ?" ಎಂದು ಕೇಳಿದವರಿಗೆಲ್ಲ ನಾನು "ನಮ್ಮಣ್ಣಂದು" ಎಂದು ಎದೆ ಉಬ್ಬಿಸಿ ಹೇಳುತ್ತಿದ್ದೆ.

ಒಂದು ದಿನ ತವರೂರಿನ ಮುದುಕಿ ಆಯಿಯೊಬ್ಬಳು ಯಾವುದೋ ಅರ್ಜಿಗೆ ಫೋಟೋ ಬೇಕೆಂದು ಬಂದಳು. ಪರದೆಯನ್ನು ನೋಡುತ್ತಲೇ ಬೇವಿನ ಮರದ ಕೊಂಬೆಯಿಂದ ಹೊಲದ ಗುರುತು ಹಿಡಿದಳು. ಹಿಡಿದವಳೇ ಸೆರಗು ಬಾಯಿಗೆ ಒತ್ತಿಕೊಂಡಳು.

"ನಿಂತ ಬೆಳಿನ ಹಿಂಗ ಬಾಜಾರದಾಗ ತೂಗಹಾಕ್ತಾರೇನ ತಂಗಿ? ಎಷ್ಟ ಮಂದಿ ನದರ ಬಿತ್ತೋ ಏನೋ. ತೆಗಿ ಅದನ್ನ."

"ಅದು ಹೊಲ ಅಲ್ಲ ಆಯಿ, ಪರದಿ ಅದ" ಎಂದು ನಕ್ಕೆ.

"ಖರೆ ಹೊಲ ಅಲ್ಲಂದ್ರ ಮಂದಿ ಯಾಕ ಹಾ ಅನ್ನಾಕತ್ತಾರ?" ಎಂದಳು. ಒಂದು ಮೂಲೆಗಾದರೂ ಕಾಡಿಗೆಯ ಬೊಟ್ಟು ಇಡು ಎಂದಳು. ಹೊಲದಲ್ಲಿ ಕಪ್ಪು ಗಡಿಗೆಗೆ ಸುಣ್ಣದ ಚುಕ್ಕೆ ಇಟ್ಟು ತೂಗುಹಾಕುವ ಜನ ನಾವು. ಬೆಳೆ ಚೆನ್ನಾಗಿದೆ ಎಂದು ಯಾರಾದರೂ ಹೊಗಳಿದರೆ "ಏನೂ ಇಲ್ಲ ತಗೋರಿ, ಹಾಂಗ ಅದ" ಎಂದು ಮುಚ್ಚಿಡುವ ಜನ. ಅದೆಲ್ಲ ನನಗೆ ಗೊತ್ತಿತ್ತು. ಆದರೂ ಅಷ್ಟು ಒಳ್ಳೆಯ ಫೋಟೋಕ್ಕೆ ಕಾಡಿಗೆ ಬಳಿಯಲು ಮನಸ್ಸು ಒಪ್ಪಲಿಲ್ಲ.

ಕೊಯ್ಲಿಗೆ ಇನ್ನು ಕೆಲವೇ ದಿನ ಇತ್ತು. ಒಂದು ಮಧ್ಯಾಹ್ನ ಬಿಸಿಲು ಇದ್ದಕ್ಕಿದ್ದಂತೆ ಅರಿಶಿಣದ ಬಣ್ಣಕ್ಕೆ ತಿರುಗಿತು. ಅಂಗಡಿಯ ಮಾಳಿಗೆ ಹತ್ತಿ ನೋಡಿದೆ. ಪಶ್ಚಿಮದಲ್ಲಿ ಒಂದು ಮೋಡ ಎದ್ದಿತ್ತು. ಕೆಳಗೆ ಹಸಿರುಗಪ್ಪು, ಮೇಲೆ ಬೆಳ್ಳಗೆ ಹರಡಿದ ತಲೆ. ಅಂಥ ಮೋಡಕ್ಕಾಗಿ ನಾನು ಎಷ್ಟೋ ವರ್ಷದಿಂದ ಕಾದಿದ್ದೆ. ಖುಷಿಯಿಂದ ಒಂದೇ ಸಮನೆ ತೆಗೆಯುತ್ತ ಹೋದೆ, ಬ್ಯಾಟರಿ ಮುಗಿಯುವವರೆಗೂ. ಕ್ಯಾಮೆರಾ ಕೆಳಗಿಳಿಸಿದ ಮೇಲೆಯೇ ನನಗೆ ದಿಕ್ಕಿನ ಪರಿವೆ ಬಂದದ್ದು. ಆ ಮೋಡದ ಬುಡ ಘಾಟಬೋರಾಳದ ಕಡೆಗೆ ಇತ್ತು. ಅಣ್ಣನಿಗೆ ಫೋನು ಮಾಡಿದರೆ ಹತ್ತಲಿಲ್ಲ.

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಹೋದೆ. ಬದುವಿನ ಪಕ್ಕದಲ್ಲಿ ಆಲಿಕಲ್ಲುಗಳು, ನಮ್ಮ ಕಡೆಯ ಆಣೆಕಲ್ಲುಗಳು, ಇನ್ನೂ ಕರಗದೆ ರಾಶಿ ಬಿದ್ದಿದ್ದವು. ಜೋಳದ ದಂಟು ಮುರಿದು ಮಲಗಿತ್ತು, ತೆನೆಗಳು ಕೆಸರಿನಲ್ಲಿ ಕೂತಿದ್ದವು, ಬೇವಿನ ಮರದಲ್ಲಿ ಒಂದು ಎಲೆ ಇರಲಿಲ್ಲ. ಹಳ್ಳದ ಆಚೆಯ ಹೊಲಕ್ಕೆ ಮಾತ್ರ ಏನೂ ಆಗಿರಲಿಲ್ಲ, ಒಂದು ಕಲ್ಲೂ ಬಿದ್ದಿರಲಿಲ್ಲ. ಅಣ್ಣ ನಡುಹೊಲದಲ್ಲಿ ಕುಕ್ಕರುಗಾಲಲ್ಲಿ ಕೂತು ಒಂದು ತೆನೆಯನ್ನು ಅಂಗೈಯಲ್ಲಿ ಒರೆಸುತ್ತಿದ್ದ. ನಾನು ಬೇವಿನ ಬುಡದಲ್ಲಿ ನಿಂತೆ. ಅಲ್ಲಿ ನಿಂತಾಗ ಯಾವಾಗಲೂ ಮಾಡುವಂತೆ, ಯೋಚನೆಯೇ ಇಲ್ಲದೆ, ನನ್ನ ಕೈ ಕ್ಯಾಮೆರಾವನ್ನು ಕಣ್ಣಿಗೆ ಎತ್ತಿತ್ತು.

ಅಣ್ಣ ತಲೆ ಎತ್ತಿ ನೋಡಿದ.

"ಈಗೂ ತೆಗಿತೀ?" ಎಂದ.

ಅವನು ಕೂಗಲಿಲ್ಲ. ಕೂಗಿದ್ದರೆ ನಾನೂ ಕೂಗಿ ಜಗಳಾಡಿ ಹಗುರಾಗುತ್ತಿದ್ದೆ. ಅಷ್ಟರಲ್ಲಿ ಅಕ್ಕಪಕ್ಕದ ಹೊಲದವರು ಬಂದು ಸೇರಿದರು. ಪರದೆಯ ಸುದ್ದಿ ಆಯಿಯಿಂದ ಊರಿಗೆಲ್ಲ ಹಬ್ಬಿತ್ತು. ಹುಮನಾಬಾದಿನ ಅರ್ಧ ಊರು ಈ ಬೆಳೆಯ ಮೇಲೆ ಕಣ್ಣು ಹಾಕಿದೆ, ಇವನ ಜೊತೆಗೆ ನಮ್ಮದೂ ಹೋಯಿತು ಎಂದು ಒಬ್ಬಾಕೆ ನನಗೆ ಕೇಳುವಂತೆಯೇ ಹೇಳಿದಳು. ನಾನು ಬಿಸಿ ಗಾಳಿ, ತಂಪು ಗಾಳಿ, ಮೋಡದ ಎತ್ತರ ಎಂದು ಏನೇನೋ ವಾದಿಸಿದೆ. ಹಳ್ಳದ ಆಚೆಯ ಹೊಲ ಹಾಗೇ ನಿಂತು ನನ್ನ ವಾದವನ್ನೆಲ್ಲ ಸುಳ್ಳು ಮಾಡುತ್ತಿತ್ತು. ಎಲ್ಲರೂ ಹೋದ ಮೇಲೆ ಅಣ್ಣ ಹತ್ತಿರ ಬಂದ.

"ನೀ ಹೇಳೂದು ಖರೆ ಇರಬಹುದು ತಂಗಿ. ನಾ ಇಲ್ಲ ಅನ್ನಂಗಿಲ್ಲ. ಆದ್ರ ಮುಂದ ಬಿತ್ತುವಾಗ ನೀ ಇಲ್ಲಿ ನಿಂತಿದ್ರ ನನಗ ಅಂಜಿಕಿ ಬರ್ತದ. ಅಂಜಕೋತ ಬಿತ್ತಾಕ ಆಗಂಗಿಲ್ಲ. ಮನಿಗಿ ಬಾ, ಊಟ ಮಾಡು, ಹೋಗು. ಹೊಲಕ ಬರಬ್ಯಾಡ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನನ್ನ ಬಗ್ಗೆ ಅಂಜಿಕೆ ಎಂದನಲ್ಲ, ಅದು ಕರುಳಿಗೆ ನಾಟಿತು. ಹೊಲಕ್ಕೆ ಬೇಡವಾದವಳು ಮನೆಗೂ ಬರುವುದಿಲ್ಲ ಎಂದು ಸೊಕ್ಕಿನಿಂದ ಹೇಳಿ ಬಸ್ಸು ಹತ್ತಿದೆ. ಅಂಗಡಿಗೆ ಬಂದು ಪರದೆ ಇಳಿಸಿ, ಸುರುಳಿ ಸುತ್ತಿ, ಬಾಗಿಲ ಹಿಂದೆ ನಿಲ್ಲಿಸಿದೆ. ಹಿಮದ ಬೆಟ್ಟ ಮತ್ತೆ ಮೇಲೇರಿತು. ನಮ್ಮ ಮನೆಯವರು ಏಣಿ ಹಿಡಿದುಕೊಂಡರು. ಯಾಕೆ ಎಂದು ಕೇಳಿದ್ದರೆ ಅವತ್ತು ಅವರಿಗೆ ಊಟ ಸಿಗುತ್ತಿರಲಿಲ್ಲ.

ಮತ್ತೆ ಮಿರ್ಗ ಬಂತು. ಮೊದಲ ಮಳೆಯ ವಾಸನೆ ಅಂಗಡಿಯ ಒಳಗೂ ನುಗ್ಗಿತು. ಎರೆ ಮಣ್ಣು ಹೊಳೆಯುತ್ತಿರುತ್ತದೆ, ನೋಡುವವರಿಲ್ಲ ಎಂದು ಬಾಗಿಲಿಗೂ ಒಳಗೂ ತಿರುಗಾಡಿದೆ. ತಡೆಯಲಾರದೆ ಬಸವಕಲ್ಯಾಣಕ್ಕೆ ಹೋಗಿ ಕೋಟೆಯನ್ನು ತೆಗೆಯತೊಡಗಿದೆ. ಕಲ್ಲಿಗೆ ಯಾರ ಕಣ್ಣೂ ತಾಗುವುದಿಲ್ಲವಲ್ಲ! ಮಳೆಯಲ್ಲಿ ಗೋಡೆಗಳು ಕಪ್ಪಾದವು, ಸಂದಿಗಳಲ್ಲಿ ಹುಲ್ಲು ಮೂಡಿತು, ಮೋಡ ಬುರುಜಿಗೆ ತಾಗುವಷ್ಟು ಕೆಳಗಿಳಿಯಿತು. ಒಂದಕ್ಕಿಂತ ಒಂದು ಒಳ್ಳೆಯ ಫೋಟೋ. ಮನೆಗೆ ಬಂದು ನೋಡಿದರೆ ಯಾವುದರ ಮೇಲೂ ಮನಸ್ಸು ನಿಲ್ಲಲಿಲ್ಲ. ಆ ಮಳೆಯಿಂದ ಅಲ್ಲಿ ಯಾರಿಗೂ ಏನೂ ಆಗಬೇಕಾಗಿರಲಿಲ್ಲ. ಅಣ್ಣನ ಹೊಲದಲ್ಲಿ ಒಂದೊಂದು ಮೋಡಕ್ಕೂ ಒಂದು ಅರ್ಥ ಇರುತ್ತಿತ್ತು. ಬಂದರೆ ಒಳ್ಳೆಯದೋ ಕೆಟ್ಟದ್ದೋ ಎಂದು ನಾವಿಬ್ಬರೂ ಮರದ ಕೆಳಗೆ ನಿಂತು ವಾದ ಮಾಡುತ್ತಿದ್ದೆವು. ಎಲ್ಲ ಫೋಟೋ ಅಳಿಸಿಬಿಟ್ಟೆ.

ಹುಡಗಿ ಎಂಬ ಊರಿನ ಹತ್ತಿರ ರಸ್ತೆ ಬದಿಯಲ್ಲಿ ಒಂದು ಉದ್ದಿನ ಹೊಲ ಕಂಡಿತು. ಮಳೆ ನಿಂತು ಬಿಸಿಲು ಬಿದ್ದಿತ್ತು, ಎಲೆಗಳ ಮೇಲೆಲ್ಲ ನೀರು. ಕ್ಯಾಮೆರಾ ಎತ್ತಿದೆ, ಮತ್ತೆ ಇಳಿಸಿದೆ. ಯಾರೂ ನನ್ನನ್ನು ತಡೆದಿರಲಿಲ್ಲ. ಹೊಲದ ಯಜಮಾನ ಅಲ್ಲಿ ಇರಲೇ ಇಲ್ಲ. ಆದರೂ, ಯಾಕೆ ಬೇಕು, ಪಾಪ ಯಾರದೋ ಬೆಳೆ ಎಂದು ಮನಸ್ಸಿಗೆ ಬಂತು. ಇಷ್ಟು ದಿನ ಊರವರು ನಂಬಿದ್ದರು, ನಾನು ನಕ್ಕಿದ್ದೆ. ಈಗ ನಾನೂ ನಂಬತೊಡಗಿದೆನೇ? ಅದೇ ವಾರ ಒಬ್ಬ ತಾಯಿ ಗುಂಡುಗುಂಡಾದ ಕೂಸನ್ನು ತಂದು ಹಿಮದ ಬೆಟ್ಟದ ಮುಂದೆ ಕೂಡಿಸಿದಳು. ಕೂಸು ನಕ್ಕಿತು. ಎಷ್ಟು ಚೆಂದ ಇದೆ ಎಂದು ಬಾಯಿಗೆ ಬಂದ ಮಾತನ್ನು ನುಂಗಿದೆ. ತೆಗೆದ ಒಂದು ಫೋಟೋವೂ ನೆಟ್ಟಗೆ ಬರಲಿಲ್ಲ. "ಕೂಸಿಗಿ ಬೊಟ್ಟ ಇಟ್ಟಿಲ್ಲೇನ್ರಿ?" ಎಂದು ಆ ತಾಯಿಯನ್ನು ಗದರಿಸಿ, ಒಳಗಿನಿಂದ ನನ್ನದೇ ಕಾಡಿಗೆ ತಂದು ಕೂಸಿನ ಕೆನ್ನೆಗೆ ಇಟ್ಟೆ. ಅವಳು ನನ್ನನ್ನು ಕೆಟ್ಟದಾಗಿ ನೋಡುತ್ತ ಹೋದಳು.

ಎಳ್ಳ ಅಮಾವಾಸ್ಯೆಯ ಹಿಂದಿನ ದಿನ ವೈನಿ ಫೋನು ಮಾಡಿದಳು. ನಮ್ಮ ಕಡೆ ಆ ದಿನ ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ, ಭೂಮಿತಾಯಿಗೆ ನೈವೇದ್ಯದ ಚರಗ ಚೆಲ್ಲಿ, ಬೆಳೆಯ ನಡುವೆ ಕೂತು ಭಜ್ಜಿ, ಸಜ್ಜೆರೊಟ್ಟಿ, ಅಂಬಲಿ ಉಣ್ಣುವುದು. ಮದುವೆಯಾದ ಮೇಲೂ ನಾನು ಒಂದು ವರ್ಷವೂ ತಪ್ಪಿಸಿರಲಿಲ್ಲ.

"ಬ್ಯಾಸರ ಮಾಡ್ಕೋಬ್ಯಾಡ ತಂಗಿ. ಡಬ್ಬಿ ಕಟ್ಟಿ ಬಸ್ಸಿನಾಗ ಕಳಸ್ತೀನಿ" ಎಂದಳು ವೈನಿ.

"ನಿಮ್ಮ ಡಬ್ಬಿ ಯಾರಿಗಿ ಬೇಕಾಗ್ಯಾದ?" ಎಂದು ಫೋನು ಇಟ್ಟೆ. ಮರುದಿನ ಎಲ್ಲಕ್ಕಿಂತ ದೊಡ್ಡ ಲೆನ್ಸು ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿ, ಊರ ಮುಂದಿನ ಏರಿನಲ್ಲೇ ಇಳಿದೆ. ಅಲ್ಲಿಂದ ಹೊಲ ಒಂದು ಹಸಿರು ಪಟ್ಟಿಯಂತೆ ಕಾಣುತ್ತದೆ. ಕಳ್ಳಿಯ ಹಾಗೆ ಒಂದು ಕಲ್ಲಿನ ಹಿಂದೆ ಕೂತು ಲೆನ್ಸಿನಲ್ಲಿ ಕಣ್ಣಿಟ್ಟೆ. ಅಣ್ಣ ಚರಗ ಚೆಲ್ಲುತ್ತ ಬೆಳೆಯ ಸುತ್ತ ತಿರುಗುತ್ತಿದ್ದ. ವೈನಿ ಬುಟ್ಟಿ ಬಿಚ್ಚುತ್ತಿದ್ದಳು. ಲೆನ್ಸು ಮೆಲ್ಲಗೆ ಬೇವಿನ ಮರದ ಕಡೆಗೆ ತಿರುಗಿಸಿದೆ.

ಅಲ್ಲಿ ನಾನು ನಿಂತಿದ್ದೆ.

ನನ್ನ ನೀಲಿ ರೇನ್‌ಕೋಟು. ಗುಡಿಸಲಿನ ಗೂಟಕ್ಕೆ ಹಾಕಿ ಮರೆತುಬಂದದ್ದು. ಅದನ್ನು ಎರಡು ಕೋಲಿಗೆ ತೊಡಿಸಿ, ಒಳಗೆ ಒಣ ದಂಟಿನ ಕಣಿಕೆ ತುರುಕಿ, ಮೇಲೆ ಸುಣ್ಣದ ಚುಕ್ಕೆ ಇಟ್ಟ ಕಪ್ಪು ಗಡಿಗೆ ಕವುಚಿದ್ದರು. ಕೊರಳಲ್ಲಿ ಒಂದು ದಾರ, ದಾರದಲ್ಲಿ ಎದೆಯ ಮೇಲೆ ತೂಗುವ ತೆಂಗಿನ ಚಿಪ್ಪು. ನನ್ನ ಕ್ಯಾಮೆರಾ ತೂಗುವ ಜಾಗದಲ್ಲೇ. ಕಂಡವರ ಕಣ್ಣನ್ನೆಲ್ಲ ತನ್ನ ಮೇಲೆ ಎಳೆದುಕೊಳ್ಳಲು ನಿಲ್ಲಿಸುವ ಬೆದರುಗೊಂಬೆ ಅದು. ಊರೆಲ್ಲ ನೋಡಿ ನಗಲಿ ಎಂದು ಮಾಡಿದರೇ? ಅಣ್ಣನೇ ಮಾಡಿದನೇ? ಅವನು ಚರಗ ಮುಗಿಸಿ ಬಂದು ಗೊಂಬೆಯ ಪಕ್ಕದಲ್ಲೇ ಊಟಕ್ಕೆ ಕೂತ. ನಾನು ಕಲ್ಲಿನ ಹಿಂದೆ ಬಾಯಿಗೆ ಸೆರಗು ತುರುಕಿಕೊಂಡು ಅತ್ತೆ. ಫೋಟೋ ತೆಗೆಯಲಿಲ್ಲ.

ಅವತ್ತಿನಿಂದ ನನ್ನ ಹೊಟ್ಟೆಯಲ್ಲಿ ಒಂದು ಕಿಚ್ಚು ಕೂತಿತು. ಈ ಸಲವೂ ಜೋಳ ಚೆನ್ನಾಗಿದೆ, ಹೋದ ಸಲಕ್ಕಿಂತ ಚೆನ್ನಾಗಿದೆ ಎಂದು ಫೋಟೋ ತೆಗೆಸಲು ಬಂದ ಊರವರು ಹೇಳುತ್ತಿದ್ದರು. ಕೊಯ್ಲಿನ ಹೊತ್ತಿಗೆ ಒಂದು ಮಧ್ಯಾಹ್ನ ಬಿಸಿಲು ಮತ್ತೆ ಅರಿಶಿಣವಾಯಿತು. ಮಾಳಿಗೆ ಹತ್ತಿದೆ. ಅದೇ ದಿಕ್ಕು, ಅದೇ ಹಸಿರುಗಪ್ಪು ಬುಡ. ಕ್ಯಾಮೆರಾ ಕೆಳಗೇ ಇತ್ತು. ಬರಿಗೈಯಲ್ಲಿ ನಿಂತು ಆ ಮೋಡವನ್ನು ನೋಡುತ್ತಿದ್ದಾಗ ನನ್ನೊಳಗಿನಿಂದ ಒಂದು ಮಾತು ಎದ್ದಿತು: ಬೀಳಲಿ. ನಾನು ಇಲ್ಲದೆಯೂ ಆಣೆಕಲ್ಲು ಬೀಳುತ್ತದೆ ಎಂದು ಅವರಿಗೆಲ್ಲ ತಿಳಿಯಲಿ. ಒಂದು ಸಲ ಬೀಳಲಿ, ನಾನು ಮರದ ಕೆಳಗೆ ವಾಪಸು ಹೋಗುತ್ತೇನೆ.

ಏನು ಬೇಡಿದೆನೆಂದು ಬೇಡಿದ ಮೇಲೆ ತಿಳಿಯಿತು. ಅದು ನಾನು ಉಂಡು ಬೆಳೆದ ಹೊಲ. ಕೆಡಕು ಬೇಡುವ ಕಣ್ಣು ಎಂದರೆ ಇದೇ ಅಲ್ಲವೇ? ಊರವರು ಹೇಳಿದ್ದು ಹೋದ ವರ್ಷ ಸುಳ್ಳಿದ್ದರೆ ಈ ವರ್ಷ ನಾನೇ ಅದನ್ನು ಖರೆ ಮಾಡಿದೆ. ಕೆಳಗೆ ಓಡಿದೆ. ಅಂಗಡಿಯ ಬಾಗಿಲು ಹಾಕಿ, ಬಾಗಿಲ ಹಿಂದಿನ ಪರದೆಯನ್ನು ನೆಲದ ಮೇಲೆ ಹಾಸಿದೆ. ಮನೆ ಹಿಂದೆಯೇ ಇತ್ತು, ಅಡುಗೆಮನೆಯಿಂದ ಒಣಮೆಣಸಿನಕಾಯಿ, ಉಪ್ಪು ಮುಷ್ಟಿಯಲ್ಲಿ ಹಿಡಿದು ತಂದು ಆ ಜೋಳದ ಮೇಲೆಲ್ಲ ನಿವಾಳಿಸಿದೆ. ತೆನೆಗೆ ನಿವಾಳಿಸಿದೆ, ಮಂಜಿಗೆ ನಿವಾಳಿಸಿದೆ. ನನ್ನ ಕಣ್ಣು ಹೋಗಲಿ, ಊರ ಕಣ್ಣು ಹೋಗಲಿ ಎಂದು ಅವ್ವ ಹೇಳುತ್ತಿದ್ದಂತೆಯೇ ಹೇಳಿದೆ. ಮೆಣಸಿನಕಾಯಿಯನ್ನು ಒಲೆಯಿಂದ ತಂದ ಕೆಂಡಕ್ಕೆ ಹಾಕಿದೆ. ಘಾಟು ಬರದಿದ್ದರೆ ದೃಷ್ಟಿ ತಾಗಿದೆ ಎಂದು ಲೆಕ್ಕ. ಬಂದರೆ ಇಲ್ಲ. ಘಾಟು ಬಂತು, ಗಂಟಲು ಹರಿದುಹೋಗುವಷ್ಟು ಬಂತು. ಕೆಮ್ಮುತ್ತ, ಅಳುತ್ತ, ಇನ್ನಷ್ಟು ಬರಲಿ ಎಂದು ಇನ್ನೊಂದು ಮುಷ್ಟಿ ಹಾಕಿದೆ. ಬಾಗಿಲು ತಟ್ಟಿ ಒಳಗೆ ಬಂದ ನಮ್ಮ ಮನೆಯವರು ಮೂಗು ಮುಚ್ಚಿಕೊಂಡು ನೆಲದ ಪರದೆ ನೋಡಿದರು, ನನ್ನ ಮುಖ ನೋಡಿದರು, ಹೊರಗೆ ಹೋಗಿ ಕೂತರು.

ಆಣೆಕಲ್ಲು ಬೀಳಲಿಲ್ಲ. ನಾಲ್ಕು ಹನಿ ಬಿದ್ದು ಮೋಡ ಹರಿದುಹೋಯಿತು. ಅವತ್ತು ನಾನು ದೇವರಿಗೆ ಕೈ ಮುಗಿದೆ. ಮುಗಿದ ಕೈ ಇಳಿಸುವಾಗಲೇ ಇನ್ನೊಂದು ವಿಷಯ ಹೊಳೆಯಿತು. ನಾನು ಹೋಗದ ವರ್ಷ ಬೆಳೆ ಉಳಿಯಿತು. ಇನ್ನು ನಾನು ಯಾವ ಬಾಯಿಯಿಂದ ವಾದ ಮಾಡಲಿ?

ಅದಾಗಿ ಕೆಲವು ದಿನಕ್ಕೆ ಅಂಗಡಿಯ ಮುಂದೆ ಅಣ್ಣ ಬಂದು ನಿಂತ. ಹೆಗಲ ಮೇಲೆ ಜೋಳದ ಚೀಲ. ಒಂದು ವರ್ಷದಲ್ಲಿ ಮುದುಕನಾಗಿದ್ದ. ಚೀಲವನ್ನು ಹಿಮದ ಬೆಟ್ಟದ ಕೆಳಗೆ ಇಳಿಸಿ ಬೆವರು ಒರೆಸಿಕೊಂಡ. ನಾನು ನೀರಿನ ತಂಬಿಗೆ ತಂದು ಮುಂದೆ ಇಟ್ಟೆ.

"ರಾಶಿ ಆತು ತಂಗಿ. ಹೊಲ ಖಾಲಿ ಅದ. ನಡಿ ಹೋಗಮು."

"ಎಲ್ಲಿಗಿ?"

"ಹೊಲಕ. ಕ್ಯಾಮೆರಾ ತಗೋ."

ಬಸ್ಸಿನಲ್ಲಿ ಇಬ್ಬರೂ ಕಿಟಕಿಯ ಹೊರಗೆ ನೋಡುತ್ತ ಕೂತೆವು. ಹೊಲದಲ್ಲಿ ಕೊಯ್ದ ಕೂಳೆ ಬಿಟ್ಟರೆ ಏನೂ ಇರಲಿಲ್ಲ. ಬಿಸಿಲು ಬೆಳ್ಳಗೆ ಬಿದ್ದಿತ್ತು, ನೆಲ ಬಿರುಕು ಬಿಡಲು ಶುರುವಾಗಿತ್ತು. ಬೇವಿನ ಮರ ಚಿಗುರಿತ್ತು. ಅದರ ಬುಡದಲ್ಲಿ ನೀಲಿ ರೇನ್‌ಕೋಟಿನ ಗೊಂಬೆ ಇನ್ನೂ ನಿಂತಿತ್ತು, ಬಣ್ಣ ಮಾಸಿ, ಒಂದು ತೋಳು ಹರಿದು. ಹತ್ತಿರ ಹೋಗಿ ಕೋಟಿನ ಗುಂಡಿ ಬಿಚ್ಚಲು ಕೈ ಹಾಕಿದೆ.

"ಅದನ್ನ ಬಿಚ್ಚಬ್ಯಾಡ" ಎಂದ ಅಣ್ಣ. "ಮುಂದಿನ ಬೆಳಿಗೂ ಬೇಕು."

"ಮಂದಿ ನಗಲಿ ಅಂತ ಮಾಡಿದೇನು?"

ಅವನು ಒಂದು ಕೂಳೆ ಕಿತ್ತು ಅದರ ಮಣ್ಣು ಕೊಡವಿದ. "ಮಂದಿದು ಹಾಳಾಗಲಿ. ಇಲ್ಲಿ ನೀ ಇಲ್ಲದ ನನಗ ಕೆಲಸ ಮಾಡಾಕ ಆಗವಲ್ದು. ನಿನಗ ಕರೀಲಾಕ ಅಂಜಿಕಿ. ಏನ ಮಾಡ್ಲಿ? ಯಾರರೆ ನಿಂದ್ರಬೇಕಲ್ಲ ಅಲ್ಲಿ."

"ನಾನ ನಿಂದ್ರತೀನಿ ಅಣ್ಣಾ" ಎಂದೆ. ಕೇಳಿದ್ದು ನನ್ನ ದನಿಯಲ್ಲ, ಯಾರೋ ಸಣ್ಣ ಹುಡುಗಿಯ ದನಿ.

ಅವನು ನನ್ನ ಮುಖ ನೋಡಲಿಲ್ಲ. "ಪ್ರತಿ ವರ್ಷ ರಾಶಿ ಆದ ಮ್ಯಾಲ ನಾನ ಬಂದು ಕರಕೊಂಡು ಬರ್ತೀನಿ. ಬಿತ್ತೂತನಕ ದಿನಾ ಬಾ. ಈಗ ತೆಗಿ. ಈಗ ಏನೂ ಇಲ್ಲ."

ಹೇಳಿ ಗುಡಿಸಲಿಗೆ ಹೋಗಿ ಒಲೆ ಹಚ್ಚಿದ. ನನ್ನ ಜಾಗದಲ್ಲಿ ಗೊಂಬೆ ನಿಂತಿತ್ತು. ಅದನ್ನು ಅಲುಗಿಸದೆ ಸ್ವಲ್ಪ ಪಕ್ಕಕ್ಕೆ ಸರಿದು ನಿಂತು ಖಾಲಿ ಹೊಲದ ಫೋಟೋ ತೆಗೆದೆ. ಆಕಾಶದಲ್ಲಿ ಒಂದು ಮೋಡವೂ ಇರಲಿಲ್ಲ. ಅಣ್ಣ ಚಹಾದ ಲೋಟ ಹಿಡಿದು ಬಂದು, ಬೆನ್ನ ಹಿಂದೆ ನಿಂತು, "ಚಲೋ ಬಂತೇನು?" ಎಂದು ಕೇಳಿದ.

"ಚಲೋ ಬಂದದ ಅಣ್ಣಾ" ಎಂದೆ.